ಎರವಲು ಹೋದ ವೆಂಕಟಸುಬ್ಬಯ್ಯ

ಮುಂಬಯಿಯ ಬೊರಿವಲಿ ಪೂರ್ವದ ಒಂದು ಹಳೆಯ ಬಿಲ್ಡಿಂಗಿನ ಮೊದಲ ಮಹಡಿಯಲ್ಲಿ ಕನ್ನಡದ ಸಾರ್ವಜನಿಕ ಗ್ರಂಥಾಲಯವೊಂದಿದೆ. ಕೆಳಗೆ ಔಷಧಿ ಅಂಗಡಿ, ಮೇಲೆ ಟ್ಯೂಷನ್ ಕ್ಲಾಸು, ನಡುವೆ ಪುಸ್ತಕಗಳು. ಯಾರು ಬೇಕಾದರೂ ಬಂದು ಕೂತು ಓದಬಹುದು. ಸದಸ್ಯರಾದರೆ ಹದಿನೈದು ದಿನಕ್ಕೆ ಮನೆಗೂ ಒಯ್ಯಬಹುದು. ‘ಲಭ್ಯವಿರುವ ಯಾವುದನ್ನೂ ಸದಸ್ಯರಿಗೆ ನಿರಾಕರಿಸತಕ್ಕದ್ದಲ್ಲ’ ಎಂದು ಬಾಗಿಲ ಎದುರಿನ ಗೋಡೆಯ ಮೇಲೆ ಬರೆದಿದೆ.

ಕಿಟಕಿಯ ಪಕ್ಕದ ಕುರ್ಚಿ ವೆಂಕಟಸುಬ್ಬಯ್ಯನವರದು. ನಂಜನಗೂಡಿನವರು, ಫೋರ್ಟಿನ ವಿಮಾ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ಬೆಳಿಗ್ಗೆ ತಿಂಡಿ ಮುಗಿಸಿ ಬಂದರೆ ಮಧ್ಯಾಹ್ನದ ಊಟದ ಹೊತ್ತಿಗೆ ಏಳುತ್ತಿದ್ದರು. ಮಾತು ಬಹಳ ಕಡಿಮೆ. ನಮಸ್ಕಾರ ಎಂದರೆ ತಲೆಯಾಡಿಸುತ್ತಿದ್ದರು. ಫ್ಯಾನ್ ಬೇಕೆನಿಸಿದರೆ ಯಾರಾದರೂ ಹಾಕುವವರೆಗೂ ಫ್ಯಾನನ್ನೇ ನೋಡುತ್ತ ಕೂರುತ್ತಿದ್ದರು.

ಅಂಥವರ ಬಾಳು ತಿರುವು ಪಡೆದದ್ದು ಒಂದು ಸ್ಟಿಕ್ಕರಿನಿಂದ.

ಗ್ರಂಥಾಲಯದ ಅಧ್ಯಕ್ಷ ರಮಾನಾಥ ಶೆಟ್ಟರು ಹೊಸ ಕಂಪ್ಯೂಟರ್ ತರಿಸಿ, ಪ್ರತಿಯೊಂದಕ್ಕೂ ಬಾರ್‌ಕೋಡ್ ಅಂಟಿಸಬೇಕೆಂದು ಹೇಳಿ ಊರಿಗೆ ಹೋಗಿಬಿಟ್ಟರು. ಗ್ರಂಥಪಾಲಕಿ ವಿನೋದಿನಿ ಕುಂದಾಪುರದ ಕಡೆಯವಳು, ಹಿಡಿದ ಕೆಲಸ ಬಿಡದವಳು. ಎಲ್ಲ ಪುಸ್ತಕಗಳಿಗೂ ಅಂಟಿಸಿ ಮುಗಿಸಿದಾಗ ಒಂದು ಸ್ಟಿಕ್ಕರ್ ಕೈಯಲ್ಲೇ ಉಳಿಯಿತು. ಕಂಪ್ಯೂಟರ್ ಅದನ್ನು ಒಪ್ಪಲಿಲ್ಲ. ‘ಒಂದು ವಸ್ತು ಬಾಕಿ ಇದೆ’ ಎಂದು ಕೆಂಪಕ್ಷರದಲ್ಲಿ ತೋರಿಸಿ, ಆ ಲೆಕ್ಕ ಮುಗಿಯುವವರೆಗೆ ಒಂದು ಪುಸ್ತಕವನ್ನೂ ಹೊರಗೆ ಬಿಡುವುದಿಲ್ಲವೆಂದು ಕೂತಿತು.

ವಿನೋದಿನಿ ಆ ಸ್ಟಿಕ್ಕರನ್ನು ಗೋಡೆ ಗಡಿಯಾರಕ್ಕೆ ಅಂಟಿಸಿದಳು. ಕಂಪ್ಯೂಟರ್ ‘ಭಾಷೆ ಯಾವುದು?’ ಎಂದು ಕೇಳಿತು. ಕಿತ್ತು ಏಣಿಗೆ ಅಂಟಿಸಿದಳು. ‘ಕರ್ತೃ ಯಾರು?’ ಎಂದಿತು. ಇತ್ತ ಸದಸ್ಯರು ಪುಸ್ತಕ ಹಿಡಿದುಕೊಂಡು ಸಾಲಾಗಿ ನಿಂತಿದ್ದರು. ಒಬ್ಬರು ಮೆಟ್ಟಿಲಲ್ಲೇ ಕೂತು ಓದತೊಡಗಿದ್ದರು.

ಆಗ ಕಿಟಕಿಯ ಕಡೆಯಿಂದ ದನಿಯೊಂದು ಬಂತು.

“ನನಗೆ ಅಂಟಿಸಿ.”

ಎಲ್ಲರೂ ತಿರುಗಿ ನೋಡಿದರು. ವೆಂಕಟಸುಬ್ಬಯ್ಯನವರ ದನಿಯನ್ನು ಆ ಕೋಣೆ ಕೇಳಿದ್ದು ಅದೇ ಮೊದಲು.

“ನನಗೆ ಭಾಷೆ ಇದೆಯಲ್ಲಮ್ಮ,” ಎಂದರು ಅವರು. “ಜನ ಪಾಪ ನಿಂತೇ ಇದಾರೆ.”

“ನೀವು ವಸ್ತು ಅಲ್ಲ ಅಲ್ವಾ ಸರ್?”

“ದಿನಾ ಇಲ್ಲೇ ಇರ್ತೀನಿ. ಇನ್ನೇನು ವ್ಯತ್ಯಾಸ?”

ಬೇರೆ ದಾರಿ ಇರಲಿಲ್ಲ. ವಿನೋದಿನಿ ಅವರ ವಾಚಿನ ಪಟ್ಟಿಗೆ ಸ್ಟಿಕ್ಕರ್ ಅಂಟಿಸಿ, ಕಂಪ್ಯೂಟರ್ ಕೇಳಿದ್ದಕ್ಕೆಲ್ಲ ಉತ್ತರ ತುಂಬಿದಳು. ಹೆಸರು, ವೆಂಕಟಸುಬ್ಬಯ್ಯ. ಭಾಷೆ, ಕನ್ನಡ. ಕರ್ತೃವಿನ ಜಾಗದಲ್ಲಿ ಅವರ ತಂದೆಯ ಹೆಸರು. “ಅಮ್ಮನ ಹೆಸರೂ ಇರಲಿ, ಹೆಚ್ಚಿನ ಕೆಲಸ ಅವರದೇ,” ಎಂದರು ವೆಂಕಟಸುಬ್ಬಯ್ಯ. ಅದನ್ನೂ ಸೇರಿಸಿದಳು. ಸ್ಥಿತಿ ಎಂಬಲ್ಲಿ ‘ಬೆನ್ನು ಸ್ವಲ್ಪ ಸಡಿಲ, ಓದಲು ಯೋಗ್ಯ’ ಎಂದು ಬರೆದಳು. ಕಂಪ್ಯೂಟರ್ ಹಸಿರಾಯಿತು. ಸದಸ್ಯರು ತಂತಮ್ಮ ಪುಸ್ತಕ ಬರೆಸಿಕೊಂಡು ಮನೆಗೆ ಹೋದರು.

ಅಲ್ಲಿಗೆ ಮುಗಿಯಿತೆಂದು ವಿನೋದಿನಿ ತಿಳಿದಿದ್ದಳು. ಆದರೆ ಗ್ರಂಥಾಲಯದಲ್ಲಿ ಇರುವುದೆಲ್ಲ ಈಗ ಸದಸ್ಯರ ಮೊಬೈಲಿನಲ್ಲೂ ಕಾಣುತ್ತಿತ್ತು. ಮರುದಿನ ಪವಾಯಿಯಿಂದ ಇಂಚರಾ ಎಂಬ ಹುಡುಗಿ ಬಂದಳು. ಜಾಹೀರಾತುಗಳಿಗೆ ಹಿಂದಿಯಲ್ಲಿ ದನಿ ಕೊಡುವುದು ಅವಳ ಕೆಲಸ. ಮನೆಮಾತು ಕನ್ನಡವಾದರೂ ಅದು ಅವಳ ಬಾಯಲ್ಲಿ ಕುಂಟುತ್ತಿತ್ತು.

“ಮ್ಯಾಮ್, ನಂಗೆ ಕನ್ನಡ ಆ್ಯಡ್ ಸಿಕ್ಕಿದೆ. ಪ್ರ್ಯಾಕ್ಟೀಸ್ ಬೇಕು. ಇದು ಅವೇಲೇಬಲ್ ಅಂತ ತೋರಿಸ್ತಾ ಇದೆ ನಾ?” ಎಂದು ಅವಳು ಮೊಬೈಲು ಹಿಡಿದಳು. ಪರದೆಯ ಮೇಲೆ ವೆಂಕಟಸುಬ್ಬಯ್ಯನವರಿದ್ದರು.

“ಅಯ್ಯೋ, ಅದು ಎಂತದೋ ಎಡವಟ್ಟಾಗಿ ಸೇರಿದ್ದು ಮಾರಾಯ್ತಿ. ಅವರು ಮನುಷ್ಯರು.”

“ಹಾಂ, ಲೇಕಿನ್ ಅವೇಲೇಬಲ್ ಇದಾರಲ್ಲ?”

ವಿನೋದಿನಿ ಗೋಡೆಯ ಮೇಲಿನ ಬರಹ ನೋಡಿದಳು. ವೆಂಕಟಸುಬ್ಬಯ್ಯನವರೂ ನೋಡಿದರು. ಪತ್ರಿಕೆ ಮಡಚಿಟ್ಟು, ಕನ್ನಡಕವನ್ನು ಜೇಬಿಗೆ ಸೇರಿಸಿ ಎದ್ದು ನಿಂತರು.

“ನಿಯಮ ಅಂದ್ಮೇಲೆ ನಿಯಮ,” ಎಂದರು.

ಅಲ್ಲಿಂದಲೇ ಮನೆಗೆ ಫೋನ್ ಮಾಡಿದರು. “ಕೌಸಲ್ಯಾ, ನಾನು ಇಶ್ಯೂ ಆಗಿದೀನಿ ಕಣೇ. ಪವಾಯಿಗೆ. ಹದಿನೈದು ದಿನ.”

ಅವರ ಹೆಂಡತಿ, “ಬಿಪಿ ಮಾತ್ರೆ ತಗೊಂಡು ಹೋಗಿ,” ಎಂದರು. ಮದುವೆಯಾದಾಗಿನಿಂದ ಗಂಡ ಫೋನಿನಲ್ಲಿ ಇಷ್ಟು ಮಾತಾಡಿದ್ದೇ ಇಲ್ಲ. ಆ ಬೆರಗಿನಲ್ಲಿ ಬೇರೇನೂ ಕೇಳಲು ಹೊಳೆಯಲಿಲ್ಲ.

ಪವಾಯಿಯ ಫ್ಲ್ಯಾಟಿನಲ್ಲಿ ಇಂಚರಾ ಅವರನ್ನು ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿ, “ಅಂಕಲ್, ಏನಾದ್ರೂ ಹೇಳಿ,” ಎಂದಳು. ಏನು ಹೇಳಲಿ ಎಂದು ಅವರು ಕೇಳಿದರು. ಏನಾದರೂ ಸರಿ, ತಾನು ಕೇಳಬೇಕಷ್ಟೆ ಎಂದಳು. ವೆಂಕಟಸುಬ್ಬಯ್ಯ ಗಂಟಲು ಸರಿಮಾಡಿಕೊಂಡು ಕಪಿಲಾ ಹೊಳೆಯಲ್ಲಿ ಈಜು ಕಲಿತದ್ದನ್ನು ಹೇಳತೊಡಗಿದರು. ಆಮೇಲೆ ಮುಂಬಯಿಗೆ ಬಂದ ಹೊಸತರಲ್ಲಿ ವಿರಾರ್ ಫಾಸ್ಟ್ ಲೋಕಲ್ ರೈಲು ಹತ್ತಿ, ಜನರ ನೂಕಾಟದಲ್ಲಿ ನಡುವೆ ಇಳಿಯಲಾಗದೆ ಕೊನೆಯ ನಿಲ್ದಾಣ ವಿರಾರಿಗೇ ಹೋಗಿ ಬಂದದ್ದು. ಆಮೇಲೆ, ಬದುಕಿದ್ದವನೊಬ್ಬ ತಾನು ಸತ್ತಿದ್ದೇನೆಂದು ವಿಮಾ ಕಚೇರಿಗೆ ಬಂದು ಜಗಳವಾಡಿದ್ದು. ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಸಂಜೆ ಕೆಲಸದಿಂದ ಬಂದ ಅವಳ ಅಪ್ಪ ಅಮ್ಮನೂ ಬ್ಯಾಗು ಇಳಿಸದೆ ಬಾಗಿಲಲ್ಲೇ ನಿಂತು ಕೇಳಿದರು.

ಹದಿನೈದು ದಿನ ಕಳೆದು ಇಂಚರಾ ಅವರನ್ನು ಹಿಂದಿರುಗಿಸಿದಾಗ, ವಿನೋದಿನಿ ಪುಸ್ತಕ ನೋಡುವ ಹಾಗೆಯೇ ಹಿಂದೆ ಮುಂದೆ ನೋಡಿದಳು.

“ಸ್ವಲ್ಪ ದಪ್ಪ ಆಗಿದ್ದೀರಿ ಸರ್. ಬಾಕಿ ಎಲ್ಲ ಸರಿ ಉಂಟು.”

ಇಂಚರಾಳ ಕನ್ನಡ ಜಾಹೀರಾತು ಒಳ್ಳೆಯ ಹೆಸರು ಮಾಡಿತು. ಅದು ಹೊಲಿಗೆ ಯಂತ್ರದ್ದು. ಆದರೂ ಅವಳ ದನಿಯಲ್ಲಿ ನಂಜನಗೂಡಿನ ಎಪ್ಪತ್ತು ದಾಟಿದ ಗಂಡಸಿನ ಗತ್ತು ಕೇಳಿಸುತ್ತಿತ್ತು. ಕೇಳಿದವರೆಲ್ಲ ಇವಳು ಎಲ್ಲಿ ಕಲಿತಳೆಂದು ವಿಚಾರಿಸಿದರು. ವಿಚಾರಿಸಿದವರಲ್ಲಿ ಧನರಾಜ್ ಒಬ್ಬ.

ಧನರಾಜನದು ಬಾಂದ್ರಾದಲ್ಲಿ ಹೋಟೆಲು. ಅಪ್ಪನ ಕಾಲದ ಉಡುಪಿ ಹೋಟೆಲನ್ನು ಒಡೆದು ಗಾಜು, ದೀಪ ಹಾಕಿ ಹೊಸದು ಮಾಡಿದ್ದ. ಹೊಸದಾದ ಮೇಲೆ, ಇದು ನಿಜವಾದ ಇಡ್ಲಿಯೇ ಎಂದು ಜನರಿಗೆ ಅನುಮಾನ ಬಂದಿತ್ತು. ಅವನು ಗ್ರಂಥಾಲಯದ ಸದಸ್ಯನಾಗಿ ವೆಂಕಟಸುಬ್ಬಯ್ಯನವರನ್ನು ಬರೆಸಿಕೊಂಡು ಹೋಗಿ, ಬಾಗಿಲ ಬಳಿಯ ಟೇಬಲ್ಲಿನಲ್ಲಿ ಕೂರಿಸಿ, ಎದುರಿಗೆ ಇಡ್ಲಿ ಸಾಂಬಾರ್ ಇಟ್ಟ.

ಅವರು ಒಂದು ತುತ್ತು ತಿಂದು, ಇಡೀ ಹೋಟೆಲಿಗೆ ಕೇಳುವಂತೆ ಹೇಳಿದರು: “ಇದು ಸಾಂಬಾರಲ್ಲ. ಬೇಳೆಗೆ ಸ್ನಾನ ಮಾಡಿಸಿದ ನೀರು.”

ಧನರಾಜನ ಜೀವ ಬಾಯಿಗೆ ಬಂತು. ಆದರೆ ಗಾಜಿನ ಹೊರಗೆ ನಿಂತು ಮೆನು ನೋಡುತ್ತಿದ್ದ ಕುಟುಂಬವೊಂದು ಸರಕ್ಕನೆ ಒಳಗೆ ಬಂತು. ಇಷ್ಟು ತಿಳಿದ ಮುದುಕರು ಬಂದು ಬೈಯುತ್ತಾರೆಂದರೆ ಇದು ಅಸಲಿ ಜಾಗವೇ ಎಂದು ಅವರ ತೀರ್ಮಾನ. ಅಂದಿನಿಂದ ಜನ ಹೊರಗೆ ನಿಂತು ಕಾಯತೊಡಗಿದರು. ವೆಂಕಟಸುಬ್ಬಯ್ಯ ಬೈಯದ ದಿನ ಧನರಾಜ್ ಹತ್ತಿರ ಬಂದು, “ಎಂತ ಸರ್, ಇವತ್ತು ಚಟ್ನಿ ಸರಿ ಉಂಟಾ?” ಎಂದು ಗಾಬರಿಯಿಂದ ಕೇಳುತ್ತಿದ್ದ. ಅವಧಿ ಮುಗಿದ ಕೂಡಲೇ ಮತ್ತೆ ಬರೆಸಿಕೊಂಡ. ಅವನ ಹಿಂದೆ ದಹಿಸರಿನವರೊಬ್ಬರು ಗೃಹಪ್ರವೇಶಕ್ಕೆ ಹಿರಿಯರಿಲ್ಲವೆಂದು ಕಾಯ್ದಿರಿಸಿದ್ದರು. ಅವರ ಹಿಂದೆ ಇನ್ನೂ ಹಲವರಿದ್ದರು.

ಹೀಗೆ ಗೌರಿಹಬ್ಬ ಹತ್ತಿರ ಬಂತು. ಕೌಸಲ್ಯಾ ಗ್ರಂಥಾಲಯದ ಮೆಟ್ಟಿಲು ಹತ್ತಿದರು.

“ನಮ್ಮ ಯಜಮಾನರನ್ನ ಕಳಿಸಿಕೊಡಿ. ಹಬ್ಬ ಬಂತು,” ಎಂದರು.

ವಿನೋದಿನಿ ಕುರ್ಚಿ ಎಳೆದು ಕೂರಿಸಿದಳು. “ಅಮ್ಮ, ನೀವು ಸದಸ್ಯರಾ?”

“ನಾನು ಹೆಂಡ್ತಿ ಕಣಮ್ಮ!”

“ನಂಗೆ ಗೊತ್ತುಂಟು ಅಮ್ಮ. ಕಂಪ್ಯೂಟರಿಗೆ ಗೊತ್ತಿಲ್ಲ. ಅದಕ್ಕೆ ಸದಸ್ಯರು ಮಾತ್ರ ಗೊತ್ತು.”

ಕೌಸಲ್ಯಾ ಸದಸ್ಯರಾದರು. ಇಷ್ಟು ವರ್ಷ ಜೊತೆಗಿದ್ದ ಗಂಡನಿಗಾಗಿ ಸಾಲಿನ ಕೊನೆಯಲ್ಲಿ ನಿಂತರು. ದಿನವೂ ಬಂದು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು, ತಮ್ಮ ಸರದಿ ಎಲ್ಲಿಗೆ ಬಂತೆಂದು ಕೇಳುತ್ತಿದ್ದರು. ಅಲ್ಲೇ ಒಂದು ದಿನ ಇಂಚರಾ ಸಿಕ್ಕಳು. ಆಂಟಿ ಯಾರೆಂದು ತಿಳಿದದ್ದೇ ಅವಳು ಪಕ್ಕದಲ್ಲಿ ಕೂತುಬಿಟ್ಟಳು.

“ಆಂಟಿ, ಯೂ ಆರ್ ಸೋ ಲಕ್ಕಿ! ಅಂಕಲ್ ಎಷ್ಟು ಮಾತಾಡ್ತಾರೆ! ವಿರಾರ್ ಟ್ರೇನ್ ಕಥೆ, ಹೊಳೆ ಕಥೆ...”

“ಯಾವ ಹೊಳೆ?” ಎಂದರು ಕೌಸಲ್ಯಾ.

ಕೌಸಲ್ಯಾ ಆ ಸಂಜೆ ಮನೆಗೆ ಹೋಗಿ ಅಡುಗೆ ಮಾಡಲಿಲ್ಲ. ತನ್ನ ಮನೆಯ ವಸ್ತುವನ್ನು ಇಡೀ ಊರು ಓದಿ ಮುಗಿಸಿದೆ, ತಾನು ಇನ್ನೂ ಮುಖಪುಟವನ್ನೇ ಒರೆಸಿಕೊಂಡಿದ್ದೇನೆ ಎನಿಸಿ ಅವರಿಗೆ ಅಳು ಬಂತು, ಕೋಪವೂ ಬಂತು.

ಸರದಿ ಬರುವಷ್ಟರಲ್ಲಿ ಗೌರಿ, ಗಣೇಶ ಇಬ್ಬರೂ ಬಂದು ಹೋಗಿದ್ದರು. ಗಂಡನನ್ನು ಬರೆಸಿಕೊಂಡು ರಿಕ್ಷಾದಲ್ಲಿ ಕೂರಿಸಿ ಕರೆತಂದರು. ಮನೆಗೆ ಬಂದವರೇ ವೆಂಕಟಸುಬ್ಬಯ್ಯ ಸೋಫಾದಲ್ಲಿ ಕೂತು ಟಿವಿ ಹಾಕಿದರು. ಕಾಫಿ ಬಂತು, ಕುಡಿದರು. ಊಟ ಬಂತು, ಉಂಡರು. ತುಟಿ ಬಿಚ್ಚಲಿಲ್ಲ. ಕೌಸಲ್ಯಾ ಟಿವಿಯ ಸ್ವಿಚ್ಚು ಆರಿಸಿದರು.

“ಏನ್ರೀ, ಮಾತಾಡಿ.”

“ಏನು ಮಾತಾಡಲಿ?”

“ಪವಾಯಿ ಹುಡುಗಿಗೆ ಏನು ಹೇಳಿದ್ರೋ ಅದು.”

“ಅವಳು ಕೇಳಿದ್ಲು, ಹೇಳಿದೆ.”

“ನಾನು ಕೇಳ್ತಿಲ್ವಾ ಈಗ? ನಾನೂ ಮೆಂಬರು ಕಣ್ರೀ! ಸಾಲಿನಲ್ಲಿ ಕಾದು ತಂದಿದೀನಿ ನಿಮ್ಮನ್ನ.”

ವೆಂಕಟಸುಬ್ಬಯ್ಯ ಹೆಂಡತಿಯನ್ನು ನೋಡಿದರು. ಅವಳ ಕಣ್ಣಿನಲ್ಲಿ ನೀರಿತ್ತು. ಕಾಲು ಮಡಚಿಕೊಂಡು ಸರಿಯಾಗಿ ಕೂತು, ಕಪಿಲಾ ಹೊಳೆಯಿಂದ ಶುರುಮಾಡಿದರು. ಕೌಸಲ್ಯಾ ನಡುನಡುವೆ ನಗುತ್ತಿದ್ದರು, ನಡುನಡುವೆ “ಸುಳ್ಳು, ಆಗ ನಿಮ್ಮಣ್ಣ ಊರಲ್ಲಿರಲಿಲ್ಲ,” ಎಂದು ತಡೆಯುತ್ತಿದ್ದರು. ಹೀಗೆ ತಡೆದವರು ಇದುವರೆಗೆ ಯಾರೂ ಇರಲಿಲ್ಲ. ವೆಂಕಟಸುಬ್ಬಯ್ಯನವರಿಗೆ ಸಿಟ್ಟು ಬಂದು ಕಥೆ ಇನ್ನೂ ಉದ್ದವಾಯಿತು.

ಅವಧಿ ಮುಗಿದ ಬೆಳಿಗ್ಗೆ ವೆಂಕಟಸುಬ್ಬಯ್ಯ ಇಸ್ತ್ರಿಯ ಅಂಗಿ ತೊಟ್ಟು, ಚೀಲ ಹಿಡಿದು ಬಾಗಿಲಲ್ಲಿ ನಿಂತರು.

“ಹೋಗ್ಲೇಬೇಕಾ?” ಎಂದರು ಕೌಸಲ್ಯಾ.

“ಜನ ಕಾಯ್ತಿರ್ತಾರೆ ಕಣೇ. ಧನರಾಜ್ ಮತ್ತೆ ಬರೆಸಿದಾನಂತೆ.” ಅವರ ಮುಖದಲ್ಲಿ ಬೇಸರವೂ ಇತ್ತು, ಹೊರಡುವ ಹುರುಪೂ ಇತ್ತು. ಬೇಡವೆನ್ನಲು ಕೌಸಲ್ಯಾಗೆ ಮನಸ್ಸು ಬರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಅವರ ಜೊತೆಗೇ ಹೊರಟರು.

ಗ್ರಂಥಾಲಯದಲ್ಲಿ ಧನರಾಜ್ ಆಗಲೇ ಬಂದು ಕೂತಿದ್ದ. ಊರಿನಿಂದ ಮರಳಿದ್ದ ರಮಾನಾಥ ಶೆಟ್ಟರೂ ಇದ್ದರು. ಕೌಸಲ್ಯಾ ಟೇಬಲ್ಲಿನ ಮೇಲೆ ಎರಡೂ ಕೈಯೂರಿ, “ನನಗೂ ಒಂದು ನಂಬರ್ ಹಾಕಿ,” ಎಂದರು.

“ನಂಬರ್ ಒಂದೇ ಉಳಿದದ್ದಮ್ಮ,” ಎಂದಳು ವಿನೋದಿನಿ. “ಅದು ಸರ್‌ಗೆ ಹೋಯ್ತಲ್ಲ.”

ಶೆಟ್ಟರು ಕನ್ನಡಕ ತೆಗೆದು ಒರೆಸಿದರು. ನಡೆದದ್ದೆಲ್ಲ ಅವರಿಗೆ ಬೆಳಿಗ್ಗೆಯಷ್ಟೇ ತಿಳಿದಿತ್ತು. ಬೈಯಬೇಕೆಂದೇ ಬಂದಿದ್ದರು. ಆದರೆ ಗ್ರಂಥಾಲಯದಲ್ಲಿ ಇಷ್ಟು ಹೊಸ ಸದಸ್ಯರನ್ನು ಅವರು ಎಂದೂ ಕಂಡಿರಲಿಲ್ಲ. ಯಾರನ್ನು ಬೈಯುವುದೆಂದು ತಿಳಿಯದೆ ಕೂತಿದ್ದರು.

“ಒಂದೇ ನಂಬರಿನಲ್ಲಿ ಎರಡು ಸಂಪುಟ ಇರ್ತದಲ್ಲ ವಿನೋದಿನಿ?” ಎಂದರು ಕೊನೆಗೆ.

“ಇರ್ತದೆ ಶೆಟ್ರೆ. ಆದ್ರೆ ಅಂಥದನ್ನ ಬಿಡಿಯಾಗಿ ಕೊಡ್ಲಿಕ್ಕಿಲ್ಲ. ತಗೊಂಡ್ರೆ ಎರಡೂ ತಗೊಳ್ಬೇಕು.”

“ಹಾಗೇ ಬರೆಯಿರಿ!” ಎಂದರು ಕೌಸಲ್ಯಾ.

ವಿನೋದಿನಿ ಕಂಪ್ಯೂಟರಿನಲ್ಲಿ ತಿದ್ದಿದಳು. ಅದು ಸ್ವಲ್ಪ ಹೊತ್ತು ಯೋಚಿಸಿ ಹಸಿರಾಯಿತು. ಎರಡನೆಯ ಸಂಪುಟದ ಸ್ಥಿತಿ ಏನೆಂದು ಅದು ಕೇಳಿದಾಗ, ಕೌಸಲ್ಯಾ ತಾವೇ ಬಗ್ಗಿ ‘ಹೊಸದು, ಯಾರೂ ಓದಿಲ್ಲ’ ಎಂದು ಹೇಳಿ ಬರೆಸಿದರು.

ಧನರಾಜ್ ಇಬ್ಬರನ್ನೂ ಬಾಂದ್ರಾಕ್ಕೆ ಕರೆದೊಯ್ದು ಬಾಗಿಲ ಬಳಿಯ ಟೇಬಲ್ಲಿನಲ್ಲಿ ಕೂರಿಸಿದ. ವೆಂಕಟಸುಬ್ಬಯ್ಯ ಸಾಂಬಾರಿಗೆ ಬಾಯಿಟ್ಟು ಎಂದಿನಂತೆ ಗರ್ಜಿಸಿದರು. ಕೌಸಲ್ಯಾ ಚಮಚ ಅದ್ದಿ ರುಚಿ ನೋಡಿದರು.

“ಚೆನ್ನಾಗೇ ಇದೆಯಲ್ರೀ. ಯಾಕೆ ಅವರನ್ನ ಬೈತೀರಿ?”

“ಇದು ಚೆನ್ನಾಗಿದೆಯಾ? ನಾಲಗೆ ಎಲ್ಲಿಟ್ಟಿದೀಯ?”

ಪಕ್ಕದ ಟೇಬಲ್ಲಿನವರು ಕುರ್ಚಿ ತಿರುಗಿಸಿಕೊಂಡರು. ಕೆಲವರು ಅಜ್ಜನ ಪರ, ಕೆಲವರು ಅಜ್ಜಿಯ ಪರ. ಎರಡು ಕಡೆಯವರೂ ತೀರ್ಪು ಕೊಡಲು ಇನ್ನೊಂದು ಬಟ್ಟಲು ಸಾಂಬಾರು ತರಿಸಿದರು. ಧನರಾಜ್ ಒಳಗೆ ಹೋಗಿ ಇನ್ನೊಂದು ಹಂಡೆ ಒಲೆಗೇರಿಸಲು ಹೇಳಿದ.

“ಮನೇಲಿ ಒಂದು ದಿನಾನೂ ಸಾಂಬಾರಿನ ಬಗ್ಗೆ ತುಟಿಪಿಟಕ್ ಅಂದೋರಲ್ಲ,” ಎಂದರು ಕೌಸಲ್ಯಾ, ಸುತ್ತಲಿನವರಿಗೆ ದೂರು ಹೇಳುವಂತೆ. “ಇಲ್ಲಿ ಬಂದು ಊರಿಗೆಲ್ಲ ಕೇಳೋ ಹಾಗೆ ಭಾಷಣ.”

“ಮನೇಲಿ ಅನ್ನೋಕೆ ಏನಿರ್ತಿತ್ತು?” ವೆಂಕಟಸುಬ್ಬಯ್ಯನವರಿಗೆ ನಿಜವಾಗಿ ಅರ್ಥವಾಗಿರಲಿಲ್ಲ. “ಕೆಟ್ಟಿದ್ರೆ ತಾನೇ ಮಾತಾಡೋದು!”

ಕೌಸಲ್ಯಾ ಗಂಡನ ಮುಖವನ್ನೇ ನೋಡಿದರು. ಇಷ್ಟು ವರ್ಷದ ಊಟಗಳನ್ನೆಲ್ಲ ಒಂದೊಂದಾಗಿ ಮತ್ತೆ ಬಡಿಸಿ ನೋಡುತ್ತಿರುವ ಹಾಗಿತ್ತು ಅವರ ನೋಟ. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, ಒಳಗಿನಿಂದ ಬರುತ್ತಿದ್ದ ಧನರಾಜನನ್ನು ಕರೆದರು.

“ಏನಪ್ಪಾ, ನಿಮ್ಮ ಅಡುಗೆಮನೆ ಯಾವ ಕಡೆ ಇದೆ ತೋರಿಸು.”