ಸದ್ದಿಲ್ಲದ ಮಷೀನು

ಮಡಿಕೇರಿಯ ಆಸ್ಪತ್ರೆಯೊಂದರ ಹಿಂದೆ ಹೊಸ ಕಟ್ಟಡಕ್ಕೆ ಪಾಯ ತೆಗೆಯುವ ಕೆಲಸ ಶುರುವಾದಾಗ ಕಂಟ್ರಾಕ್ಟರು ಗುರುವಪ್ಪನಿಗೆ ಮಣ್ಣು ಅಗೆಯುವ ಬ್ಯಾಟರಿ ಮಷೀನು ಕೊಟ್ಟರು. ಪಕ್ಕದ ವಾರ್ಡಿನಲ್ಲಿ ಉಸಿರಾಟದ ತೊಂದರೆಯವರು ಮಲಗಿದ್ದರು. ಡೀಸೆಲ್ ಹೊಗೆ ಅಲ್ಲಿಗೆ ನುಗ್ಗಬಾರದೆಂದು ಇಂಜಿನಿಯರ್ ಭವ್ಯಶ್ರೀ ಕಟ್ಟುನಿಟ್ಟು ಮಾಡಿದ್ದರು.

ಮೊದಲ ದಿನ ಕೀಲಿ ತಿರುಗಿಸಿದ ಗುರುವಪ್ಪ ಸುಮ್ಮನೆ ಕೂತೇ ಇದ್ದ. ಚಾಲೂ ಆಗಿದೆ ಎಂದು ಭವ್ಯಶ್ರೀಯವರೇ ಬಂದು ಹೇಳಬೇಕಾಯಿತು. ಸೀಟಿನಡಿ ನಡುಕವಿಲ್ಲ, ಅಂಗಿಗೆ ಡೀಸೆಲ್ ವಾಸನೆಯಿಲ್ಲ. ಕೆಲಸಕ್ಕೆ ಬಂದ ಹಾಗೇ ಅನಿಸಲಿಲ್ಲ ಅವನಿಗೆ.

ಕುಶಾಲನಗರದ ಕಡೆ ಹಳೆಯ ಜೆಸಿಬಿ ಓಡಿಸುತ್ತಿದ್ದ ವಯಸ್ಸಿನಲ್ಲಿ ಅವನಿಗೆ ಮುತ್ತಮ್ಮ ಸಿಕ್ಕಿದ್ದು. ಅವಳು ಮಣ್ಣು ಹೊರಲು ಬರುತ್ತಿದ್ದಳು. ಇಂಜಿನ್ನಿನ ಅಬ್ಬರದಲ್ಲಿ ಮಾತು ಯಾರಿಗೆ ಕೇಳಬೇಕು? ಎಲ್ಲವೂ ಕೈಸನ್ನೆಯಲ್ಲೇ. ಊಟವಾಯಿತೇ ಎಂದು ಅವನು ಬೆರಳು ಕೂಡಿಸಿ ಬಾಯಿಗೆ ತೋರಿಸಿದರೆ, ತಲೆಯ ಮೇಲೆ ಬಾಂಡ್ಲಿ ಹೊತ್ತವಳು ಹುಬ್ಬಿನಲ್ಲೇ ಉತ್ತರ ಕೊಡುತ್ತಿದ್ದಳು. ಮದುವೆಯಾಗುತ್ತೀಯಾ ಎಂದು ಕೇಳಿದ್ದೂ ಹಾಗೇ, ಕತ್ತಿಗೆ ಗಂಟು ಹಾಕುವಂತೆ ಬೆರಳಾಡಿಸಿ. ಅವಳು ನಾಚಿ ಹೊಗೆಯ ಹಿಂದೆ ಮರೆಯಾದದ್ದು ಇವತ್ತಿಗೂ ಅವನ ಕಣ್ಣಲ್ಲಿತ್ತು. ಅದೇ ಹೊಗೆ ಬರಬರುತ್ತಾ ಅವಳ ಎದೆಯಲ್ಲಿ ಕೆಮ್ಮಾಗಿ ಕೂತಿತ್ತು.

ಈಗಲೂ ಇಬ್ಬರಿಗೂ ಒಂದೇ ಕಡೆ ಕೆಲಸ. ಆದರೆ ಹೊಸ ಮಷೀನು ಬಂದಮೇಲೆ ಸನ್ನೆ ಬೇಕಾಗಲಿಲ್ಲ. ಹೆಂಗಸರು ಆಡುವ ಮಾತೆಲ್ಲ ಸೀಟಿನವರೆಗೂ ಕೇಳುತ್ತಿತ್ತು. ಮಣ್ಣು ತುಂಬುವಾಗ ಮುತ್ತಮ್ಮ ಮೆಲ್ಲಗೆ ಸೋಬಾನೆ ಗುನುಗುತ್ತಾಳೆಂದು ಅವನಿಗೆ ಗೊತ್ತಾದದ್ದೇ ಆಗ. ಖುಷಿಯಾಯಿತು; ಇಷ್ಟು ವರ್ಷ ಕೇಳದೆ ಹೋಯಿತಲ್ಲ ಎಂದು ಸಂಕಟವೂ ಆಯಿತು.

ಮಳೆ ಬಿಟ್ಟ ಒಂದು ಮಧ್ಯಾಹ್ನ ಆ ಗುನುಗಿನ ನಡುವೆ ಸಣ್ಣ ಕಲ್ಲುಗಳು ಉದುರುವ ಸದ್ದು ಕೇಳಿಸಿತು. ಪಾಯದ ಪಕ್ಕ ಗೋಡೆಯಂತೆ ಕಡಿದಿದ್ದ ಮಣ್ಣಿನ ಬರೆ ಬಿರಿಯುತ್ತಿತ್ತು. ಅದರ ಕೆಳಗೇ ಮುತ್ತಮ್ಮ ಬಗ್ಗಿದ್ದಳು, ಬೆನ್ನು ಅವನ ಕಡೆಗೆ. ಸನ್ನೆ ಮಾಡಿದರೆ ಕಾಣುವಂತಿರಲಿಲ್ಲ.

"ಮುತ್ತೂ, ಈಚೆ ಬಾ" ಎಂದು ಕೂಗಿದ.

ಅವಳು ಬಾಂಡ್ಲಿ ಬಿಸಾಕಿ ಓಡಿದಳು. ಹಿಂದೆಯೇ ಮಣ್ಣು ಜರಿದು ಬಾಂಡ್ಲಿ ಹೂತುಹೋಯಿತು.

ಭವ್ಯಶ್ರೀ ಕೆಲಸ ನಿಲ್ಲಿಸಿದರು. ಬರೆಗೆ ಮರಳಿನ ಮೂಟೆ ಒಡ್ಡುವವರೆಗೆ ಯಾರೂ ಕೆಳಗಿಳಿಯಬಾರದೆಂದರು. ಗುರುವಪ್ಪ ಹೋಗಿ ಹೆಂಡತಿಯ ಪಕ್ಕ ಕೂತ. ಅವಳು ಟೀ ಲೋಟ ಅವನ ಕೈಗಿಟ್ಟು, ಕೆಲಸದ ಜಾಗದಲ್ಲಿ ತನ್ನ ಹೆಸರು ಕೂಗಿದ್ದು ಇದೇ ಮೊದಲು ಎಂದಳು.

"ಹಳೇ ಮಷೀನಾಗಿದ್ರೆ ನಿಂಗೆ ಕೇಳ್ತಾನೇ ಇರ್ಲಿಲ್ಲ" ಅಂದ ಅವನು.

ಅವಳು ಸೆರಗಿನ ಮಣ್ಣು ಕೊಡವಿದಳು.

"ಆದ್ರೂ ಅದ್ರ ಮೇಲೆ ಕೂತಾಗ ನೀವು ಚೆನ್ನಾಗಿ ಕಾಣ್ತಿದ್ರಿ."