ಹನ್ನೆರಡು ವರ್ಷದ ವಹಿವಾಟು

೧೯೯೬ರ ಜನವರಿಯಲ್ಲಿ ಸಕ್ಕರೆ ಕಾರ್ಖಾನೆಗೆ ದಿಲ್ಲಿಯಿಂದ ಕಾಗದ ಬಂತು. ಮುಂದೆ ಜನ ಕಿಸೆಯಲ್ಲಿಟ್ಟುಕೊಂಡು ತಿರುಗುವ ಫೋನುಗಳು ಬರಲಿವೆ. ಅದಕ್ಕಾಗಿ ರೇಡಿಯೋ ಅಲೆಗಳ ಪಟ್ಟಿಗಳನ್ನು, ಅಂದರೆ ಬ್ಯಾಂಡುಗಳನ್ನು, ಹೊಸದಾಗಿ ಹಂಚಲಾಗುತ್ತಿದೆ. ಕಬ್ಬು ಕಡಿಯುವ ಟೋಳಿಗಳಿಗೆ ಸುದ್ದಿ ಮುಟ್ಟಿಸಲು ನೀವು ಬಳಸುವ ಪಟ್ಟಿಯನ್ನು ಮಾರ್ಚ್ ಕೊನೆಯೊಳಗೆ ಖಾಲಿ ಮಾಡಬೇಕು.

ಕಾರ್ಖಾನೆಯ ಏಕಸಂಬಿ ಶಾಖಾ ಕಚೇರಿಯ ವೈರ್‌ಲೆಸ್ ಮುಂದೆ ಕೂರುವ ಜಿನಮತಿ ಕಾಗದವನ್ನು ಎರಡು ಸಲ ಓದಿದಳು. ಪಟ್ಟಿ ಹೋದರೆ ಸೆಟ್ಟು ಹೋಯಿತು, ಸೆಟ್ಟು ಹೋದರೆ ಕುರ್ಚಿ. ಗಂಡ ಶ್ರೀಪಾಲ ತೀರಿಕೊಂಡ ಮೇಲೆ ಅವಳಿಗೆ ಉಳಿದದ್ದು ಅವನ ಆ ಕುರ್ಚಿಯೊಂದೇ. ಅಳು ಬರಬೇಕಿತ್ತು, ಬರಲಿಲ್ಲ.

ಚೇರ್ಮನ್ ಬಾಬಾಸಾಹೇಬರು ಮಾತ್ರ ಕೆಂಡವಾದರು. ಹೊಲದ ಗಡಿ ಬಾಂದಿನ ಮೂರು ತಕರಾರು ಗೆದ್ದವರು ಅವರು.

"ಗಾಳ್ಯಾಗಿನ ಹೊಲಾನೂ ಹೊಲಾನ. ಹನ್ನೆರಡ ವರ್ಷ ನಾವು ಉಳುಮಿ ಮಾಡಕೋತ ಬಂದೇವಿ. ಯಾಂವ ಬಿಡಸ್ತಾನ? ವಹಿವಾಟ ನಮ್ದು, ಕಬಜಾನೂ ನಮ್ದು!"

ಡ್ರೈವರ್ ಮಾಳಸಿದ್ದ ಮೂಗು ಹಿಡಿದು ಸೆಟ್ಟಿನ ದನಿ ತೆಗೆದ: "ಖರ್ರ್... ಸಾಹೇಬ್ರ, ಈ ಹೊಲದಾಗ ಬಿತ್ತಿದ್ದು ಬರೇ ಮಾತ... ಬೆಳಿ ಹೆಂಗೈತ್ರಿ? ಓವರ್!"

"ಸುಮ್ನಿರಲೇ! ಜಿನಮತಿಬಾಯಿ, ವಹಿ ತರ್ರಿ."

ದಿನಾ ಬೆಳಿಗ್ಗೆ ಏಳಕ್ಕೆ ಕಾರ್ಖಾನೆ ಕರೆಯುತ್ತದೆ, ಏಕಸಂಬಿ ಓಗೊಡುತ್ತದೆ. ಹೊತ್ತು, ಸುದ್ದಿ, ಕೊನೆಗೆ 'ಆವಾಜ ಸ್ಪಷ್ಟ' ಎಂದು ವರ್ಷಕ್ಕೊಂದು ವಹಿಯಲ್ಲಿ ಬರೆಯುವುದು ಪದ್ಧತಿ. ಬಾಬಾಸಾಹೇಬರು ಹಾಳೆ ಮಗುಚಿದರು. ಮೊದಲ ಏಳು ವರ್ಷ ಶ್ರೀಪಾಲನ ಓರೆ ಅಕ್ಷರ, ಆಮೇಲೆ ಜಿನಮತಿಯ ದುಂಡು ಅಕ್ಷರ.

"ನಡುವ ಒಂದ ದಿನಾನೂ ಖಾಲಿ ಇಲ್ಲಲ್ರಿ!"

"ಇಲ್ರಿ."

ಐದು ವರ್ಷದ ಹಿಂದೆ ಒಂದು ದಿನ ಏಳಕ್ಕೆ ಓಗೊಟ್ಟ ಶ್ರೀಪಾಲ ಮಧ್ಯಾಹ್ನ ಸತ್ತಿದ್ದ. ಸಂಜೆ ಸುಟ್ಟು ಬಂದರು. ಮರುದಿನ ಏಳಕ್ಕೆ ಸೆಟ್ಟು ಕರೆಯಿತು, ಅವಳು ಓಗೊಟ್ಟಳು. ಅಷ್ಟೇ.

ವಹಿವಾಟಿಗೆ ಪುರಾವೆಯೆಂದು ಹನ್ನೆರಡೂ ವಹಿಗಳು ತಕರಾರು ಅರ್ಜಿಯ ಜೊತೆ ದಿಲ್ಲಿಗೆ ಹೋದವು.

ಮಾರ್ಚಿನಲ್ಲಿ ವೈರ್‌ಲೆಸ್ ಖಾತೆಯ ಒಬ್ಬ ಇನ್ಸ್‌ಪೆಕ್ಟರ್ ಅದೇ ವಹಿಗಳ ಗಂಟು ಹೊತ್ತುಕೊಂಡು ಬಂದರು. ಬೆಂಗಳೂರು ಕಡೆಯ ಮೆದು ಮಾತು.

"ನಿಮ್ಮ ಲೈಸೆನ್ಸ್ ಮುಗಿದು ನಾಲ್ಕು ವರ್ಷ ಆಯ್ತು. ಆಮೇಲೂ ದಿನಾ ಬಳಸಿದ್ದೀರಿ ಅನ್ನೋದಕ್ಕೆ ನಮ್ಮ ಹತ್ರ ಸಾಕ್ಷಿ ಇರಲಿಲ್ಲ. ನೀವೇ ಕಳಿಸಿಕೊಟ್ರಿ."

"ಹನ್ನೆರಡ ವರ್ಷ ಉಳುಮಿ ಮಾಡಿದ್ರ ಹೊಲಾ ನಮ್ದ ಆಗತೈತಲ್ರಿ?" ಬಾಬಾಸಾಹೇಬರ ದನಿ ಇಳಿದಿತ್ತು.

"ಹೊಲ ಆಗುತ್ತೆ. ಅಲೆ ಆಗಲ್ಲ."

ತಿಂಗಳ ಕೊನೆಯವರೆಗೂ ಕಾಯಲಿಲ್ಲ. ಸೆಟ್ಟಿಗೆ ಅಲ್ಲೇ ಅರಗಿನ ಮುದ್ರೆ ಬಿತ್ತು. ಪಂಚನಾಮೆಗೆ ಆಪರೇಟರ್ ಸಹಿ ಬೇಕಿತ್ತು. ಜಿನಮತಿ ಗಡಿಯಾರ ನೋಡಿ, ಬರೆದು, ಕಾಗದ ಮುಂದೆ ಸರಿಸಿದಳು.

ಇನ್ಸ್‌ಪೆಕ್ಟರ್ ಓದಿದರು. ಸಹಿಯ ಮುಂದೆ ಹೊತ್ತು, ಅದರ ಮುಂದೆ 'ಆವಾಜ ಸ್ಪಷ್ಟ'.

"ಇದೇನಮ್ಮ?"

ಅವಳೂ ಬಗ್ಗಿ ನೋಡಿದಳು.

"ಕೈಗೆ ರೂಢಿ ಆಗೇತ್ರಿ," ಎಂದಳು.