ಉರುಳಿ ನಿಂತ ಸದ್ದು

ಅಂಗಡಿಯವನು ರೆಕಾರ್ಡು ಮಗುಚಿ ಹಾಕಿದ, ಪ್ಲೇಯರಿನ ಮುಳ್ಳು ಒಂದು ಕೂದಲೆಳೆಯಷ್ಟು ಆಚೆ ಬಿದ್ದು, ಕರ್ ಎಂದು ಮತ್ತೆ ದಾರಿಗೆ ಬಂತು, ಯಾರಿಗೂ ಕೇಳಿಸಲಿಲ್ಲ, ಅವಳಿಗೆ ಕೇಳಿಸಿತು — ಎರಡನೆಯ ಬದಿ, ನಾಲ್ಕು ಹಾಡು, ಇಪ್ಪತ್ತು ನಿಮಿಷ, ಇಪ್ಪತ್ತು ನಿಮಿಷ ಕಾದರೆ ಗೊತ್ತಾಗಿಬಿಡುತ್ತದೆ, ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಅಂಗಡಿ ತುಂಬ ಜನ, ಎಲ್ಲರದೂ ಕಪ್ಪು ಅಂಗಿ, ಅವಳೊಬ್ಬಳದೇ ಕಾರ್ಖಾನೆಯ ನೀಲಿ ಅಂಗಿ, ಬಾಗಿಲ ಪಕ್ಕ ಹಳೆಯ ರೆಕಾರ್ಡುಗಳ ಪೆಟ್ಟಿಗೆಯ ಹಿಂದೆ ನಿಂತಿದ್ದಾಳೆ, ಯಾರಾದರೂ ಮಾತಾಡಿಸಲು ಬಂದರೆ ಏನೋ ಹುಡುಕುವವಳ ಹಾಗೆ ಬಗ್ಗಿಬಿಡಬಹುದು. ಇವತ್ತು ಈ ಆಲ್ಬಮ್ಮಿನ ಬಿಡುಗಡೆ, ಕೌಂಟರಿನ ಮೇಲೆ ಕವರುಗಳು ಎದೆಮಟ್ಟಕ್ಕೆ, ಅದರಲ್ಲಿ ಅರ್ಧ ಅವಳೇ ಮಡಿಸಿದ್ದು, ಕೇಳುವ ಕೋಣೆಯಿಂದ ಎಬ್ಬಿಸಿ ಕವರಿನ ಮೇಜಿಗೆ ಕೂರಿಸಿ ಇವತ್ತಿಗೆ ಆರು ದಿನ, ಮಡಿಸು, ಅಂಚು ಒತ್ತು, ಮಡಿಸು, ಬೆರಳ ತುದಿಯಲ್ಲಿ ಇನ್ನೂ ಅಂಟಿನ ವಾಸನೆ. ಕೇಳುವ ಕೋಣೆ — ರೆಕಾರ್ಡು ಒತ್ತುವ ಕಾರ್ಖಾನೆಯ ಮೂಲೆಯಲ್ಲಿ ಗೋಡೆಗೆಲ್ಲ ಕಂಬಳಿ ಹೊಡೆದ ಒಂದು ಗೂಡು, ಒಂದು ಕುರ್ಚಿ, ಒಂದು ಹೆಡ್‌ಫೋನು, ಒಂದು ಕೆಂಪು ಚೀಟಿ, ಐವತ್ತಕ್ಕೊಂದು ರೆಕಾರ್ಡನ್ನು ಮೊದಲಿಂದ ಕೊನೆಯವರೆಗೆ ಕೇಳಬೇಕು, ಒಂದರಲ್ಲಿ ಟಿಕ್ ಎಂದರೆ ಧೂಳು, ಎರಡರಲ್ಲಿ ಅದೇ ಜಾಗದಲ್ಲಿ ಟಿಕ್ ಎಂದರೆ ಅಚ್ಚಿನದೇ ತಪ್ಪು, ಆಗ ಕಿಟಕಿಯ ಗಾಜಿಗೆ ಕೆಂಪು ಚೀಟಿ ಹಿಡಿದರೆ ಪ್ರೆಸ್ಸಿನಣ್ಣ ಯಂತ್ರ ನಿಲ್ಲಿಸುತ್ತಾನೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಆ ಕುರ್ಚಿ ಸಿಕ್ಕಿದ್ದೇ ದೊಡ್ಡದು, ಶಾಲೆಯಲ್ಲಿ ಪಾಠ ಹೇಳುವಾಗ ಫ್ಯಾನು ಯಾಕೆ ಮೂರು ಸುತ್ತಿಗೊಮ್ಮೆ ನರಳುತ್ತದೆ ಎಂದು ಯೋಚಿಸುತ್ತಾ ಕೂತಿರುತ್ತಿದ್ದಳು, ಮೇಷ್ಟ್ರು ಇವಳಿಗೆ ಕಿವಿ ಕೇಳ್ಸಲ್ಲ ಅಂತ ಅಪ್ಪನಿಗೆ ಹೇಳಿ ಕಳಿಸಿದರು, ಇಲ್ಲಿ ಎಲ್ಲರೂ ಕರೆಯುವುದೇ ಕಿವಿ ಅಂತ, ಏ ಕಿವಿ, ಟೀ ಆಯ್ತೇನೇ. ಅಮ್ಮ ಮಾತ್ರ ಇನ್ನೂ ನಂಬಿಲ್ಲ, ಕಿರುಚೋದನ್ನ ಕೇಳೋಕೆ ಸಂಬಳ ಕೊಡ್ತಾರಾ, ನಿಮ್ಮ ಯಜಮಾನ್ರನ್ನ ನಮ್ಮನೆಗೆ ಕಳ್ಸೇ, ನಾನು ಪುಕ್ಸಟ್ಟೆ ಕಿರುಚಿ ಕೇಳ್ಸ್ತೀನಿ.

ಕಿರುಚಾಟವೇ, ಈ ಆಲ್ಬಮ್ಮನ್ನು ಮೊದಲ ಸಲ ಕೇಳಿದಾಗ ಅವಳೂ ಹಾಗೇ ಅಂದುಕೊಂಡು ಹೆಡ್‌ಫೋನು ಕಿತ್ತು ಮೇಜಿನ ಮೇಲಿಟ್ಟಿದ್ದಳು, ಆಗ ತಾತ ಒಳಗೆ ಬಂದರು, ಕೆತ್ತೋ ತಾತ, ಹಾಡನ್ನು ಗೀರು ಮಾಡಿ ತಟ್ಟೆಯ ಮೇಲೆ ಕೆತ್ತುವವರು, ಅವರು ಕೆತ್ತಿದ್ದರಿಂದಲೇ ಅಚ್ಚು ಆಗುವುದು, ಇದಕ್ಕೆ ಪೋಸ್ಟ್-ಹಾರ್ಡ್‌ಕೋರ್ ಅಂತಾರಮ್ಮಾ, ಹೆಸರಿಗೆ ಹೆದರ್ಬೇಡ, ಗಂಟಲು ಹರ್ಕೊಳ್ತಾರೆ, ಇದ್ದಕ್ಕಿದ್ದಂಗೆ ಮೆತ್ತಗಾಗ್ತಾರೆ, ಆ ಮೆತ್ತಗಾಗೋ ಜಾಗ ಕೇಳು ಅಂದರು. ಕೇಳಿದಳು, ಗಿಟಾರುಗಳು ಒಂದರ ಮೇಲೊಂದು ಬಿದ್ದು ಜಗಳವಾಡುತ್ತಿದ್ದವು, ಹಾಡುವವನು ಗಂಟಲಿನ ತಳ ಕೆರೆದು ಕೂಗುತ್ತಿದ್ದ, ಥಟ್ಟನೆ ಎಲ್ಲ ಸರಿದು ಒಂದೇ ಒಂದು ತಂತಿ, ಒಂದು ಉಸಿರು — ಮನೆಯಲ್ಲಿ ಕೂಗಾಡಿ ಮುಗಿದ ಮೇಲೆ ಅಪ್ಪ ಚಪ್ಪಲಿಯನ್ನೂ ಹಾಕಿಕೊಳ್ಳದೆ ಮೆಟ್ಟಿಲ ಮೇಲೆ ಹೋಗಿ ಕೂತು ಬಿಡುತ್ತಿದ್ದನಲ್ಲ, ಆ ಉಸಿರು, ಅದು ತನಗೊಬ್ಬಳಿಗೇ ಗೊತ್ತು ಅಂದುಕೊಂಡಿದ್ದಳು, ಅದನ್ನು ಯಾರೋ ತಂದು ಹಾಡಿನಲ್ಲಿ ಇಟ್ಟಿದ್ದಾರೆ, ಹಾಗೆಲ್ಲ ಇಡಬಹುದೆಂದೇ ಅವಳಿಗೆ ಗೊತ್ತಿರಲಿಲ್ಲ. ಪರೀಕ್ಷೆಗೆಂದು ಐದು ರೆಕಾರ್ಡು ಒತ್ತಿದ್ದರು, ಐದನ್ನೂ ಕೇಳಿದಳು, ಕೆಲಸ ಮುಗಿದ ಮೇಲೂ ಇನ್ನೊಮ್ಮೆ ಕೇಳಿದಳು, ಕೊನೆಯ ಹಾಡು ಮುಗಿಯುವಾಗ ಎಲ್ಲರೂ ಒಟ್ಟಿಗೆ ನಿಲ್ಲುತ್ತಾರೆ, ಮೌನ, ಆ ಮೌನದಲ್ಲಿ ಒಂದು ಕೋಲು ನೆಲಕ್ಕೆ ಬೀಳುತ್ತದೆ, ಉರುಳುತ್ತದೆ, ಏನೋ ಮೆತ್ತಗಿನದಕ್ಕೆ ತಾಗಿ ನಿಲ್ಲುತ್ತದೆ, ಅಷ್ಟೇ, ಆಲ್ಬಮ್ ಮುಗಿಯಿತು. ಬ್ಯಾಂಡಿನವರು ಒಪ್ಪಿದರು, ಒತ್ತಿ ಅಂದರು, ಅಷ್ಟರಲ್ಲಿ ಆ ಬದಿಯ ಅಚ್ಚು ಬಿರುಕು ಬಿಟ್ಟಿತು, ತಾತ ರಾತ್ರಿ ಹಗಲು ಕೂತು ಹೊಸದಾಗಿ ಕೆತ್ತಿದರು, ಹೊಸ ಅಚ್ಚಿನ ಮೊದಲ ರೆಕಾರ್ಡು ಇನ್ನೂ ಬೆಚ್ಚಗಿತ್ತು, ಕೊನೆಗೆ ಬಂದಳು, ಎಲ್ಲರೂ ನಿಂತರು, ಮೌನ, ಮೌನ, ಮೌನ, ಬರೀ ಮೌನ. ಇನ್ನೊಂದು ತರಿಸಿ ಹಾಕಿದಳು, ಅದರಲ್ಲೂ ಇಲ್ಲ, ಅವಳ ಕೈ ತಾನಾಗಿ ಎದ್ದು ಕೆಂಪು ಚೀಟಿಯನ್ನು ಗಾಜಿಗೆ ಒತ್ತಿತು. ಯಂತ್ರ ನಿಂತಾಗ ಕಾರ್ಖಾನೆಗೆ ಕಾರ್ಖಾನೆಯೇ ಅವಳ ಕಡೆ ತಿರುಗಿತು, ಯಜಮಾನರು ಬಂದರು, ಏನು ಕೇಳಿಸ್ತು, ಏನೂ ಕೇಳಿಸ್ಲಿಲ್ಲ ಸಾರ್, ಏನೂ ಕೇಳಿಸ್ಲಿಲ್ಲ ಅಂತ ಮಷೀನ್ ನಿಲ್ಸಿದ್ಯಾ, ಹೂಂ ಸಾರ್. ಪ್ರೆಸ್ಸಿನಣ್ಣ ಕೈಯೊರೆಸುವ ಬಟ್ಟೆಯಲ್ಲಿ ಬಾಯಿ ಮುಚ್ಚಿಕೊಂಡು ನಕ್ಕ, ಊರೋರೆಲ್ಲ ಸದ್ದು ಬಂತು ಅಂತ ನಿಲ್ಸಿದ್ರೆ ಇವ್ಳು ಸದ್ದು ಬರ್ಲಿಲ್ಲ ಅಂತ ನಿಲ್ಸ್ತಾಳಲ್ಲಪ್ಪಾ. ಕೋಲು ಸಾರ್, ಉರುಳೋದು ಸಾರ್ ಅಂದಳು ಅವಳು, ತಾತ ಕನ್ನಡಕ ತೆಗೆದು ಒರೆಸಿಕೊಂಡರು, ಅದನ್ನ ನಾನೇ ತೆಗ್ದೆ, ಅಷ್ಟು ಚೆನ್ನಾಗಿರೋ ಹಾಡಿನ ಕೊನೇಲಿ ಯಾರೋ ಏನೋ ಬೀಳಿಸ್ಬಿಟ್ಟಿದ್ರು, ಹೋದ್ಸಲ ನನ್ನ ಕಣ್ತಪ್ಪಿತ್ತು, ಈ ಸಲ ಗುಡಿಸ್ದೆ, ಕಸ ಅದು. ಅವರ ದನಿಯಲ್ಲಿ ಹೆಮ್ಮೆ ಇತ್ತು, ಆ ಹೆಮ್ಮೆಯ ಎದುರಿಗೆ ನಿಂತು ಅವಳು ಕಸ ಅಲ್ಲ ತಾತಾ ಅಂದುಬಿಟ್ಟಳು, ಅಂದವಳು ತಾನೇ ಎಂದು ಅವಳಿಗೇ ನಂಬಿಕೆಯಾಗಲಿಲ್ಲ. ತಾತನ ಮುಖ ಚಿಕ್ಕದಾಯಿತು. ನಲವತ್ತು ವರ್ಷದಿಂದ ಕೆತ್ತುತ್ತಿದಾರೆ ಅವ್ರು, ನೀನೇನೇ ಅವ್ರಿಗಿಂತ ದೊಡ್ಡೋಳಾ, ಯಜಮಾನರು ಅಂದರು, ಶುಕ್ರವಾರ ಬಿಡುಗಡೆ, ಆಯ್ತು, ಬ್ಯಾಂಡಿನವ್ರನ್ನೇ ಕೇಳ್ತೀನಿ, ಅವ್ರೂ ಕಸ ಅಂದ್ರೆ ನೀನು ಈ ಕುರ್ಚಿ ಮರ್ತುಬಿಡು, ಅಲ್ಲೀವರ್ಗೂ ಕವರು ಮಡ್ಸು ಹೋಗು. ಕೇಳಿದರೋ ಇಲ್ಲವೋ, ಒಂದು ದಿನ ಯಂತ್ರ ಸುಮ್ಮನಿತ್ತು, ಮರುದಿನ ಮತ್ತೆ ಹೊರಟಿತು, ಬೇರೆ ಅಚ್ಚೋ ಅದೇ ಅಚ್ಚೋ ಯಾರೂ ಹೇಳಲಿಲ್ಲ, ಬಾಯಿಬಿಟ್ಟು ಕೇಳುವ ಧೈರ್ಯ ಅವಳಿಗೆಲ್ಲಿ, ಕುರ್ಚಿಯಲ್ಲಿ ಯಜಮಾನರ ಅಳಿಯ ಕೂತು ಹೆಡ್‌ಫೋನನ್ನು ಒಂದೇ ಕಿವಿಗೆ ಹಾಕಿಕೊಂಡು ಮೊಬೈಲು ನೋಡುತ್ತಿದ್ದ. ತಾತ ಆರು ದಿನ ಮಾತಾಡಲಿಲ್ಲ, ಇವತ್ತು ಗೇಟಿನ ಹತ್ತಿರ ನಿಂತರು, ಸಂಜೆ ಅಂಗಡಿಗೆ ಹೋಗಮ್ಮ ಅಂದರು, ಯಾಕೆ ಎಂದು ಹೇಳಲಿಲ್ಲ, ಮುಖದಲ್ಲಿ ಕೋಪವಿತ್ತೋ ಏನಿತ್ತೋ ನೋಡಲು ಅವಳು ತಲೆ ಎತ್ತಿದ್ದರಲ್ಲವೇ.

ಮೂರನೆಯ ಹಾಡು ಮುಗಿಯಿತು, ಅಂಗಡಿಯ ಗಾಜು ಇನ್ನೂ ಝುಮ್ಮೆನ್ನುತ್ತಿದೆ, ಹಾಡುವವನು ಕೌಂಟರಿಗೆ ಒರಗಿ ನಿಂತಿದ್ದಾನೆ, ಇಷ್ಟು ಕೂಗುವವನು ಇಷ್ಟು ಸಣ್ಣಗಿದ್ದಾನೆ, ನೀರು ಕೇಳುವಾಗ ಅಂಗಡಿಯವನಿಗೆ ಅಣ್ಣಾ ಸ್ವಲ್ಪ ನೀರು ಅಂದ, ಆ ದನಿ ಎರಡು ಮಾರು ಆಚೆ ಕೇಳಿಸುವುದಿಲ್ಲ. ಅವನ ಪಕ್ಕ ಸ್ಟೂಲಿನ ಮೇಲೆ ಕೂತ ಗಡ್ಡದವನು ಬಲಗೈ ಜೇಬಿನಿಂದ ತೆಗೆದೇ ಇಲ್ಲ, ರೆಕಾರ್ಡಿನ ಮೇಲೆ ಸಹಿ ಹಾಕಿ ಎಂದವರಿಗೆಲ್ಲ ಎಡಗೈಯಲ್ಲಿ ಕಾಗೆಕಾಲು ಹಾಕಿ ಕೊಡುತ್ತಿದ್ದಾನೆ. ಮುಂದೆ ನಿಂತ ಇಬ್ಬರು ಹುಡುಗಿಯರು ಪಿಸುಗುಟ್ಟುತ್ತಾರೆ, ಅವ್ನೇ ಕಣೇ ಡ್ರಮ್ಮರ್, ಬಲಗೈ ನರ ಹೋಗಿದ್ಯಂತೆ, ಈ ಆಲ್ಬಮ್ಮಿಗೆ ನುಡಿಸ್ತಾ ನುಡಿಸ್ತಾನೇ ಹೋಯ್ತಂತೆ, ಇನ್ಮೇಲೆ ನುಡ್ಸಲ್ವಂತೆ, ಅಯ್ಯೋ ಸುಮ್ನಿರೇ, ಕಡೇ ಹಾಡು ಬಂತು. ಬಂತು, ಡ್ರಮ್ಮು ಮೊದಲು ಬಂತು, ಕಂಬಳಿ ಗೋಡೆಯೊಳಗೆ ಕೂತು ಅವಳು ಎಷ್ಟು ಸಲ ಕೇಳಿದ್ದಳು, ಆದರೆ ಅದರ ಹಿಂದೆ ಒಂದು ಕೈ ಇದೆ ಎಂದು ಕೇಳಿರಲಿಲ್ಲ, ಈಗ ಪ್ರತಿ ಏಟಿನಲ್ಲೂ ಆ ಕೈ ಇದೆ, ಹೊಡೆಯುತ್ತದೆ, ಬೆರಳು ಮರಗಟ್ಟುತ್ತಿದೆ, ಆದರೂ ಹೊಡೆಯುತ್ತದೆ, ನಡುವೆ ಒಂದು ಏಟು ಸ್ವಲ್ಪ ತಡವಾಗಿ ಬರುತ್ತದೆ, ಅದನ್ನೂ ಅವಳು ಬರೆದುಕೊಂಡಿದ್ದಳು, ಚಂದ ಎಂದು ಬರೆದುಕೊಂಡಿದ್ದಳು, ಅದು ನೋವಾಗಿತ್ತು. ಹಾಗಾದರೆ ಆ ಡ್ರಮ್ಮಿನ ಕೋಲು ಯಾರೋ ಬೀಳಿಸಿದ್ದಲ್ಲ, ಕೈ ಬಿಟ್ಟದ್ದು, ಕೊನೆಯ ಏಟಿನವರೆಗೆ ಹಿಡಿದುಕೊಂಡು ಆಮೇಲೆ ಬಿಟ್ಟದ್ದು, ಅದನ್ನೇ ತಾತ ಗುಡಿಸಿದರು, ಅದಕ್ಕೇ ಅವಳು ಚೀಟಿ ಹಿಡಿದಳು, ಗೊತ್ತಿಲ್ಲದೆ ಹಿಡಿದಳು, ಗೊತ್ತಿಲ್ಲದೆ ಹೇಗೆ ಗೊತ್ತಾಯಿತು — ಇಲ್ಲದಿದ್ದರೆ, ಈ ಐನೂರು ರೆಕಾರ್ಡಿನಲ್ಲೂ ಇಲ್ಲದಿದ್ದರೆ, ಕುರ್ಚಿ ಹೋದರೆ ಹೋಗಲಿ, ಅದು ಇರಲಿ, ಅದೊಂದು ಇರಲಿ. ಅವನು ಕೂಗುತ್ತಾನೆ, ಗಿಟಾರುಗಳು ಒಂದರ ಮೇಲೊಂದು ಬೀಳುತ್ತವೆ, ಗಾಜು ನಡುಗುತ್ತದೆ, ಪೆಟ್ಟಿಗೆಯ ಅಂಚನ್ನು ಅವಳು ಎರಡು ಕೈಯಲ್ಲಿ ಹಿಡಿದಿದ್ದಾಳೆ, ಎಲ್ಲರೂ ಒಟ್ಟಿಗೆ ನಿಲ್ಲುತ್ತಾರೆ, ಮೌನ, ಯಾರೋ ಚಪ್ಪಾಳೆಗೆ ಕೈ ಎತ್ತಿದರು, ಬೇಡ, ಈಗಲೇ ಬೇಡ, ಮೌನ, ಮೌನ, ಟಕ್ — ಬಿತ್ತು, ಉರುಳುತ್ತಿದೆ, ಇದೆ, ಇದೆ, ಮರದ ನೆಲದ ಮೇಲೆ ಉರುಳುತ್ತಾ ಬರುತ್ತಿದೆ, ಅವಳು ತಲೆ ಎತ್ತುತ್ತಾಳೆ, ಆರು ದಿನದಲ್ಲಿ ಮೊದಲ ಸಲ ತಲೆ ಎತ್ತಿ ನೋಡುತ್ತಾಳೆ, ಸ್ಟೂಲಿನ ಮೇಲೆ ಅವನು ಕಣ್ಣು ಮುಚ್ಚಿದ್ದಾನೆ, ಅಂಗಡಿಯ ನೆಲದ ಮೇಲೆ ಏನೂ ಇಲ್ಲ, ಆದರೂ ಅವನ ಎಡಗಾಲು ತಾನಾಗಿ ಮುಂದೆ ಬರುತ್ತದೆ, ಮೆಲ್ಲಗೆ, ಏನನ್ನೋ ತಡೆಯುವ ಹಾಗೆ — ಕೋಲು ಉರುಳುತ್ತದೆ, ಕಾಲು ಮುಂದೆ ಬರುತ್ತದೆ, ತಾಗುತ್ತದೆ, ಆ ಮೆತ್ತಗಿನದು ಆ ಕಾಲು, ಬರಿಯ ನೆಲದ ಮೇಲೆ ಆ ಕಾಲು.